ನಾನು ಕಟ್ಟಿದ ವಿಮಾನದ ಮೊದಲ 40 ಗಂಟೆ

ಆರು ವರ್ಷ ಗ್ಯಾರೇಜಿನಲ್ಲಿ ರಿವೆಟ್ ಹೊಡೆದು ಕಟ್ಟಿದ ನನ್ನ ವ್ಯಾನ್ಸ್ ಆರ್‌ವಿ-9ಎ (ಕಿಟ್ ತಂದು ಮನೆಯಲ್ಲೇ ಜೋಡಿಸುವ ಪುಟ್ಟ ವಿಮಾನ) ಮೊದಲ ಸಲ ನೆಲ ಬಿಟ್ಟಾಗ ಖುಷಿ ಪಡಲು ಪುರುಸೊತ್ತೇ ಇರಲಿಲ್ಲ. ಎಡ ರೆಕ್ಕೆ ಕೆಳಕ್ಕೆ ಎಳೆಯುತ್ತಿತ್ತು. 3ನೇ ಸಿಲಿಂಡರ್ ಹೆಡ್‌ನ ಬಿಸಿ 430 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ನನ್ನ ಲೈಕಮಿಂಗ್ ಎಂಜಿನ್‌ಗೆ 500 ಕೊನೆಯ ಮಿತಿ, ಆದರೆ 400ರ ಕೆಳಗೇ ಇಟ್ಟುಕೊಳ್ಳಲು ನೋಡುವವರೇ ಜಾಸ್ತಿ. ಹಾಗಂತ ಪವರ್ ಇಳಿಸುವಂತೆಯೂ ಇಲ್ಲ. ಹೊಸ ಎಂಜಿನ್ ಅಲ್ವಾ, ಪಿಸ್ಟನ್ ಸುತ್ತಲಿನ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಸರಿಯಾಗಿ ಕೂರಬೇಕಾದರೆ ಜೋರಾಗಿಯೇ ಓಡಿಸಬೇಕು. ಮೂಗು ಸ್ವಲ್ಪ ಇಳಿಸಿ, ವೇಗ ಹೆಚ್ಚಿಸಿ, ಎಂಜಿನ್ ತಣಿಸುವ ಗಾಳಿ ಜಾಸ್ತಿ ನುಗ್ಗುವಂತೆ ಮಾಡಿ, ರನ್‌ವೇ ಮೇಲೇ ಸುತ್ತು ಹೊಡೆದು ಇಳಿದೆ.

ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿ ಮನೆಯಲ್ಲಿ ಕಟ್ಟಿದ ವಿಮಾನವನ್ನು ಮೊದಲು ಗೊತ್ತುಪಡಿಸಿದ ಜಾಗದೊಳಗೇ ಹಾರಿಸಿ ಪರೀಕ್ಷೆ ಮಾಡಬೇಕು, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಎಂಜಿನ್ ಮತ್ತು ಪ್ರೊಪೆಲ್ಲರ್ ಪ್ರಮಾಣಪತ್ರ ಇರುವ ಜೋಡಿಯಾದರೆ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40. ನನ್ನದು 40. ಆ ಗಂಟೆಗಳನ್ನು ಸುಮ್ನೆ ಸುತ್ತಾಡಿ ಮುಗಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ವಿಮಾನ ತನ್ನ ಗುಣವನ್ನೆಲ್ಲ ಹೇಳುವುದು ಆಗಲೇ.

ಬಿಸಿಯ ವಿಷಯಕ್ಕೆ ಬರುತ್ತೇನೆ. ಆರು ಗಂಟೆ ಹಾರಿಸಿದ ಮೇಲೆ ರಿಂಗ್ ಕೂತು, ಉಳಿದ ಮೂರು ಸಿಲಿಂಡರ್ ತಣ್ಣಗಾದವು. 3 ಮಾತ್ರ ಜಗ್ಗಲಿಲ್ಲ. ಅಂದರೆ ತೊಂದರೆ ಎಂಜಿನ್ನಿನದಲ್ಲ, ಗಾಳಿಯದು. ರಾತ್ರಿ ಹ್ಯಾಂಗರ್ ದೀಪ ಆರಿಸಿ ಕೌಲಿಂಗ್ (ಎಂಜಿನ್ನಿನ ಹೊರಮುಚ್ಚಳ) ಒಳಗೆ ಟಾರ್ಚ್ ಇಟ್ಟೆ. ಗಾಳಿಯನ್ನು ಸಿಲಿಂಡರ್‌ಗಳ ಮೇಲೆ ಹಾಯಿಸುವ ತಗಡಿನ ಸಂದಿಗಳಿಂದ ನಕ್ಷತ್ರದ ಹಾಗೆ ಬೆಳಕು ಹೊರಗೆ ಬರುತ್ತಿತ್ತು, ಅಲ್ಲೆಲ್ಲ ಗಾಳಿಯೂ ಸೋರುತ್ತಿತ್ತು! ಅವನ್ನೆಲ್ಲ ಕೆಂಪು ಸಿಲಿಕೋನ್‌ನಿಂದ ಮುಚ್ಚಿ ಹಾರಿಸಿದೆ. ಬರೀ 5 ಡಿಗ್ರಿ ಇಳಿಯಿತು. ಆಮೇಲೆ ಕನ್ನಡಿ ಹಿಡಿದು 3ನೇ ಸಿಲಿಂಡರ್‌ನ ಬೆನ್ನು ನೋಡಿದೆ. ಆ ಜಾಗದಲ್ಲಿ ಬಿಸಿ ಹೊರಬಿಡುವ ತೆಳು ಪಟ್ಟಿಗಳಾದ ಫಿನ್‌ಗಳ ಆಳವೇ ಕಡಿಮೆ, ಅದರ ಮೇಲೆ ತಗಡು ಅಂಟಿಕೊಂಡಂತೆ ಕೂತಿತ್ತು. ಗಾಳಿ ಕೆಳಗಿಳಿಯಲು ದಾರಿಯೇ ಇರಲಿಲ್ಲ. ತಗಡಿಗೂ ಸಿಲಿಂಡರ್‌ಗೂ ನಡುವೆ ಒಂದು ವಾಷರ್ ಕೊಟ್ಟು ಎರಡು ಮಿಲಿಮೀಟರ್‌ನಷ್ಟು ಸಂದಿ ಮಾಡಿದೆ. ಮುಂದಿನ ಹಾರಾಟದಲ್ಲಿ 25 ಡಿಗ್ರಿ ಇಳಿಯಿತು. ಸಿಲಿಕೋನ್, ವಾಷರ್ ಎರಡನ್ನೂ ಒಂದೇ ದಿನ ಮಾಡಿದ್ದರೆ ಯಾವುದು ಕೆಲಸ ಮಾಡಿತು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ರೆಕ್ಕೆಯದು ಇನ್ನೂ ಸೂಕ್ಷ್ಮ ಕೆಲಸ. ಮೊದಲು ಎರಡೂ ಟ್ಯಾಂಕ್‌ನಲ್ಲಿ ಪೆಟ್ರೋಲ್ ಸಮ ಇದೆಯಾ, ರೆಕ್ಕೆಯ ಹಿಂದೆ ಕೆಳಗಿಳಿಯುವ ಫ್ಲಾಪ್‌ಗಳು ಒಂದೇ ಮಟ್ಟದಲ್ಲಿವೆಯಾ, ಚಕ್ರದ ಕವಚ ನೆಟ್ಟಗಿದೆಯಾ ಎಂದು ನೋಡಿದೆ. ಎಲ್ಲ ಸರಿ ಇತ್ತು. ಉಳಿದದ್ದು ಏಲೆರಾನ್‌ನ (ವಿಮಾನವನ್ನು ಎಡಬಲಕ್ಕೆ ವಾಲಿಸಲು ರೆಕ್ಕೆಯ ಹಿಂದಿರುವ ಭಾಗ) ಹಿಂದಿನ ಅಂಚು. ತಗಡು ಮಡಚಿ ಮಾಡಿದ ಆ ಅಂಚು ಎಷ್ಟು ದುಂಡಗಿದೆ ಅನ್ನುವುದರ ಮೇಲೆ ವಿಮಾನ ವಾಲುತ್ತದೆ ಅಂದರೆ ನಂಬುವುದು ಕಷ್ಟ. ಕೆಳಕ್ಕೆ ಎಳೆಯುತ್ತಿದ್ದದ್ದು ಎಡ ರೆಕ್ಕೆ, ಆದರೆ ಒತ್ತಬೇಕಾದದ್ದು ಬಲಗಡೆಯ ಅಂಚನ್ನು. ಎರಡು ಮರದ ಪಟ್ಟಿಗಳ ನಡುವೆ ಅಂಚನ್ನು ಇಟ್ಟು, ಅಗಲ ಬಾಯಿಯ ಇಕ್ಕಳದಿಂದ ಉದ್ದಕ್ಕೂ ಒಂದೇ ಸಮ ಮೆಲ್ಲಗೆ ಒತ್ತಿದೆ. ಕಣ್ಣಿಗೆ ಏನೂ ಬದಲಾಗಿಲ್ಲ. ಹಾರಿಸಿದರೆ ವಾಲುವುದು ಅರ್ಧಕ್ಕರ್ಧ ಕಡಿಮೆ! ಇಳಿದು ಇನ್ನೊಮ್ಮೆ ಒತ್ತಿದೆ, ಈ ಸಲ ಜಾಸ್ತಿಯಾಗಿ ಬಲಕ್ಕೆ ವಾಲತೊಡಗಿತು. ಆಗ ಅಂಚಿಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಸ್ವಲ್ಪ ಬಿಡಿಸಬೇಕಾಯಿತು. ನಾಲ್ಕನೇ ಹಾರಾಟಕ್ಕೆ 6,000 ಅಡಿಯಲ್ಲಿ ವಿಮಾನ ನಡೆಸುವ ಕಡ್ಡಿಯಿಂದ ಕೈ ತೆಗೆದೆ. ವಿಮಾನ ತನ್ನ ಪಾಡಿಗೆ ನೇರ ಹೋಗುತ್ತಲೇ ಇತ್ತು. ಹುಡುಗನಾಗಿದ್ದಾಗ ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದ ಬೇಲಿ ಹಿಡಿದು ವಿಮಾನ ನೋಡುತ್ತಿದ್ದದ್ದು ನೆನಪಾಗಿ ಕಣ್ಣು ಮಂಜಾಯಿತು.

ಸ್ಟಾಲ್ ಪರೀಕ್ಷೆ (ವೇಗ ತೀರಾ ಇಳಿದಾಗ ರೆಕ್ಕೆ ಎತ್ತಿ ಹಿಡಿಯುವುದನ್ನು ಬಿಡುವುದು ಯಾವಾಗ ಅಂತ ನೋಡುವುದು), ಮರಳು ಮೂಟೆ ಕಟ್ಟಿ ಭಾರ ಹಿಂದಕ್ಕೆ ಸರಿಸಿ ನೋಡಿದ್ದು, ಬೇರೆ ಬೇರೆ ದಿಕ್ಕಿಗೆ ಹಾರಿ ಜಿಪಿಎಸ್ ಜೊತೆ ವೇಗಮಾಪಕ ತಾಳೆ ನೋಡಿದ್ದು, ಇವೆಲ್ಲ ಪುಸ್ತಕದಲ್ಲಿದ್ದ ಹಾಗೇ ನಡೆದವು.

ಉಳಿದಿರುವುದು ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸಲು ಬಾಲದಲ್ಲಿರುವ ಭಾಗ) ಒಂದೇ. ನೇರ ಹಾರುವಾಗ, ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ ಅಂತ ತೋರಿಸುವ ಬಾಲ್ ಬಲಕ್ಕೆ ಸರಿಯುತ್ತದೆ, ಬಲಗಾಲಲ್ಲಿ ಪೆಡಲ್ ಒತ್ತಿಕೊಂಡೇ ಇರಬೇಕು. ಅದಕ್ಕೆ ರಡ್ಡರ್‌ನ ಎಡಗಡೆ ಹಿಂದಿನ ಅಂಚಿಗೆ ಮರದ ಬೆಣೆಯೊಂದನ್ನು ಟೇಪಿನಲ್ಲಿ ಅಂಟಿಸಿದ್ದೇನೆ. ಮೊದಲು ಎಂಟು ಇಂಚು ಇತ್ತು, ಬಾಲ್ ಎಡಕ್ಕೆ ಓಡಿತು. ಕತ್ತರಿಸುತ್ತಾ ಬಂದು ಈಗ ಐದೂವರೆಗೆ ನಿಂತಿದೆ. ಶನಿವಾರ ಇನ್ನು ಕಾಲು ಇಂಚು ತೆಗೆದು ನೋಡುತ್ತೇನೆ. ಬಾಲ್ ನಡುವೆ ನಿಂತರೆ ಅಂಟು ಹಾಕಿ ಬಣ್ಣ ಬಳಿಯುತ್ತೇನೆ.