ಇಂಗ್ಲೆಂಡಿಗೆ ಹೊಸದಾಗಿ ಬಂದಿದ್ದೀರಾ? ಮಾತ್ರೆ ಮುಗಿಯುವ ಮೊದಲೇ ಇದನ್ನು ಓದಿ

ನಮ್ಮೂರಲ್ಲಿ ಖಾಲಿ ಸ್ಟ್ರಿಪ್ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಸಾಕು, ತಿಂಗಳ ಮಾತ್ರೆ ಕೈಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಅದು ನಡೆಯುವುದಿಲ್ಲ. ಬಿಪಿ ಇರಲಿ, ಶುಗರ್ ಇರಲಿ, ಥೈರಾಯ್ಡ್ ಇರಲಿ, ಡಾಕ್ಟರ ಚೀಟಿ ಬೇಕೇ ಬೇಕು. ಮಾತ್ರೆ ಮುಗಿಯುತ್ತ ಬಂದಾಗ ಮುಂದಿನ ಚೀಟಿ ಕೇಳುವ ಕೆಲಸವೂ ಸಾಮಾನ್ಯವಾಗಿ ನಿಮ್ಮದೇ. ದಿನಾ ಮಾತ್ರೆ ನುಂಗುವವರು ಈ ವ್ಯವಸ್ಥೆಯನ್ನು ಬಂದ ವಾರವೇ ತಿಳಿದುಕೊಳ್ಳಬೇಕು.

ಹೊರಡುವ ಮುಂಚೆ ನಿಮ್ಮ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಟೈಪ್ ಮಾಡಿದ್ದಿರಲಿ. ಅದರಲ್ಲಿ ಕಾಯಿಲೆ, ಡೋಸ್ ಜೊತೆಗೆ ಔಷಧದ ಮೂಲ ಹೆಸರು ಇರಲೇಬೇಕು. ಥೈರೋನಾರ್ಮ್ ಎಂದರೆ ಇಲ್ಲಿನ ಡಾಕ್ಟರಿಗೆ ಗೊತ್ತಾಗದೆ ಹೋಗಬಹುದು, ಲೆವೊಥೈರಾಕ್ಸಿನ್ ಎಂದರೆ ತಕ್ಷಣ ಗೊತ್ತಾಗುತ್ತದೆ. ಗ್ಲೈಕೋಮೆಟ್ ಇಲ್ಲಿ ಮೆಟ್‌ಫಾರ್ಮಿನ್. ನಮ್ಮಲ್ಲಿ ಎರಡು ಔಷಧ ಸೇರಿಸಿ ಒಂದೇ ಮಾತ್ರೆ ಮಾಡಿದವು ಬಹಳ. ಇಲ್ಲಿ ಅವನ್ನು ಬಿಡಿಸಿ ಎರಡು ಮಾತ್ರೆ ಕೊಟ್ಟರೆ ಗಾಬರಿಯಾಗಬೇಡಿ, ಆದರೆ ಹಳೆಯದರ ಜೊತೆ ಹೊಸದನ್ನೂ ನುಂಗಬೇಡಿ.

ಜಿಪಿ ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲಿ, ಇಲ್ಲಿಯವರು ಸರ್ಜರಿ ಅನ್ನುವುದು ಅದಕ್ಕೇ, ಹುಷಾರಿದ್ದಾಗಲೇ ಹೆಸರು ನೋಂದಾಯಿಸಿ. ವಿಳಾಸದ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಅವರು ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ. ಆಮೇಲೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಪತ್ರ ತೋರಿಸಿ. ಡಾಕ್ಟರ್ ನಿಮ್ಮ ಮಾತ್ರೆಗಳನ್ನು ‘ರಿಪೀಟ್’ ಪಟ್ಟಿಗೆ ಸೇರಿಸುತ್ತಾರೆ. ಆ ಪಟ್ಟಿಯಲ್ಲಿ ಬಂದ ಮೇಲೆ ಪ್ರತಿ ಸಲ ಡಾಕ್ಟರನ್ನು ನೋಡಬೇಕಾಗಿಲ್ಲ.

ಕೇಳುವುದಕ್ಕೆ ಅತಿ ಸುಲಭದ ದಾರಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಆ್ಯಪ್. ಬೇಕಾದ ಮಾತ್ರೆಗೆ ಟಿಕ್ ಹಾಕಿ ಕಳಿಸಿದರೆ ಆಯಿತು. ಮನೆ ಹತ್ತಿರದ ಫಾರ್ಮಸಿಯೊಂದನ್ನು ಮೊದಲೇ ಆರಿಸಿಟ್ಟಿದ್ದರೆ ಚೀಟಿ ಕಂಪ್ಯೂಟರಿನಲ್ಲೇ ನೇರ ಅಲ್ಲಿಗೆ ಹೋಗುತ್ತದೆ. ಆ್ಯಪ್ ಒಗ್ಗದ ಹಿರಿಯರು ರಿಪೀಟ್ ಸ್ಲಿಪ್ಪಿನಲ್ಲಿ ಗುರುತು ಹಾಕಿ ಸರ್ಜರಿಗೆ ಕೊಟ್ಟು ಬರಬಹುದು. ಫೋನಿನಲ್ಲಿ ಮಾತ್ರ ಎಷ್ಟೋ ಕಡೆ ತೆಗೆದುಕೊಳ್ಳುವುದಿಲ್ಲ. ಹೆಸರು, ಡೋಸ್ ತಪ್ಪಿ ಕೇಳಿಸೀತೆಂಬ ಭಯ ಅವರಿಗೆ, ಅದು ನ್ಯಾಯವೇ.

ಸರ್ಜರಿಯವರು ಎರಡು ದಿನ ಅಂದರೆ ಕೆಲಸದ ದಿನ ಎರಡು ಎಂದು ಲೆಕ್ಕ ಹಿಡಿಯಿರಿ. ಅದರ ಮೇಲೆ ಫಾರ್ಮಸಿಯವರಿಗೆ ಕಟ್ಟಿಡಲು ಒಂದೆರಡು ದಿನ. ನಡುವೆ ಶನಿವಾರ, ಭಾನುವಾರ ಬಿದ್ದರೆ ವಾರವೇ ಕಳೆಯಿತು. ಹಾಗಾಗಿ ಇನ್ನೂ ಏಳೆಂಟು ದಿನದ ಮಾತ್ರೆ ಇರುವಾಗಲೇ ಕಳಿಸಿಬಿಡಿ. ಕ್ರಿಸ್‌ಮಸ್, ಈಸ್ಟರ್ ರಜೆಗೆ ಇನ್ನೂ ಮುಂಚೆ.

ಫಾರ್ಮಸಿ ಕೌಂಟರಿನಲ್ಲಿ ನಮ್ಮವರಿಗೆಂದೇ ಕಾದಿರುವ ತೊಡಕೊಂದಿದೆ. ಮಾತ್ರೆಯ ಚೀಲಗಳನ್ನು ಸಾಮಾನ್ಯವಾಗಿ ಸರ್‌ನೇಮ್ ಪ್ರಕಾರ ಜೋಡಿಸಿರುತ್ತಾರೆ. ನಮ್ಮ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ, ಕೆಲವರಿಗೆ ಅದು ಖಾಲಿ. ನೀವು ಕರೆಯುವ ಹೆಸರು ಹೇಳುತ್ತೀರಿ, ಅವರು ಹುಡುಕಿ ‘ಬಂದಿಲ್ಲ’ ಅನ್ನುತ್ತಾರೆ, ಚೀಲ ಪಕ್ಕದ ಸಾಲಿನಲ್ಲೇ ಕೂತಿರುತ್ತದೆ. ನೋಂದಣಿಯಲ್ಲಿ ಹೆಸರು ಹೇಗೆ ಬಿದ್ದಿದೆ ನೋಡಿಕೊಂಡು, ಅದನ್ನೇ ಅಕ್ಷರ ಬಿಡಿಸಿ ಹೇಳಿ. ಪೋಸ್ಟ್‌ಕೋಡ್, ಹುಟ್ಟಿದ ತಾರೀಖು ಬಾಯಲ್ಲಿರಲಿ.

ಇನ್ನು ದುಡ್ಡಿನ ವಿಷಯ. ಹೊಸಬರು ಅನ್ಯಾಯವಾಗಿ ಕಳೆದುಕೊಳ್ಳುವುದು ಇಲ್ಲೇ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ವೀಸಾಕ್ಕೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದರೂ ಮಾತ್ರೆಗೆ ಬೇರೆ ಕಟ್ಟಬೇಕು. 2024ರ ಮೇ ತಿಂಗಳಲ್ಲಿ ನಿಗದಿಯಾದ ದರ ಒಂದು ಔಷಧಕ್ಕೆ 9.90 ಪೌಂಡ್. ಎರಡು ಬಗೆ ಮಾತ್ರೆ ಬರೆದರೆ ಎರಡು ಸಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಇದು ಇಲ್ಲ, ಇಂಗ್ಲೆಂಡಿನಲ್ಲಿ ಮಾತ್ರ.

ಆದರೆ ಥೈರಾಯ್ಡ್ ಕಡಿಮೆಯಿದ್ದು ಲೆವೊಥೈರಾಕ್ಸಿನ್ ತೆಗೆದುಕೊಳ್ಳುವವರಿಗೆ, ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ಇರುವವರಿಗೆ, ಮೂರ್ಛೆರೋಗಕ್ಕೆ ನಿರಂತರ ಔಷಧ ನಡೆಯುತ್ತಿರುವವರಿಗೆ ಪೂರ್ತಿ ಮಾಫಿ. ಆ ಕಾಯಿಲೆಯ ಔಷಧಕ್ಕಷ್ಟೇ ಅಲ್ಲ, ಎನ್‌ಎಚ್‌ಎಸ್ ಚೀಟಿಯಲ್ಲಿ ಬರೆದ ಎಲ್ಲದಕ್ಕೂ. ಬರೀ ಪಥ್ಯದಲ್ಲಿ ಶುಗರ್ ಹಿಡಿದಿಟ್ಟವರಿಗೆ, ಬಿಪಿ ಒಂದೇ ಇರುವವರಿಗೆ ಇದು ಸಿಗದು. ಮಾಫಿ ತಾನಾಗಿ ಬರುವುದೂ ಇಲ್ಲ. ಸರ್ಜರಿಯಲ್ಲಿ ಎಫ್‌ಪಿ92ಎ ಅರ್ಜಿ ಕೇಳಿ. ಐದು ವರ್ಷದ ಸರ್ಟಿಫಿಕೇಟ್ ಬರುತ್ತದೆ. ಅದು ಬರುವ ಮೊದಲು ದುಡ್ಡು ಕಟ್ಟಬೇಕಾಗಿ ಬಂದರೆ, ಅದನ್ನು ವಾಪಸ್ ಪಡೆಯಲು ಕಟ್ಟುವ ಹೊತ್ತಿಗೇ ಎಫ್‌ಪಿ57 ರಸೀದಿ ಕೇಳಿ, ಆಮೇಲೆ ಕೇಳಿದರೆ ಕೊಡುವುದಿಲ್ಲ. ಸರ್ಟಿಫಿಕೇಟ್ ಇಲ್ಲದೆ ಮಾಫಿ ಇದೆ ಎಂದು ಟಿಕ್ ಹಾಕಿದರೆ ದಂಡ ಬೀಳುತ್ತದೆ. ಅರವತ್ತು ದಾಟಿದವರಿಗೂ ಮಾಫಿ ಇದೆ. ಬಸುರಿ ಬಾಣಂತಿಯರಿಗೂ ಇದೆ, ಅವರಿಗೆ ಬೇರೆ ಸರ್ಟಿಫಿಕೇಟ್.

ಮಾಫಿ ಇಲ್ಲದವರು ಪ್ರಿಪೇಮೆಂಟ್ ಸರ್ಟಿಫಿಕೇಟ್ ನೋಡಿ, ಮುಂಗಡವಾಗಿ ಕಟ್ಟಿದರೆ ಆ ಅವಧಿಯಲ್ಲಿ ಒಂದೊಂದು ಔಷಧಕ್ಕೂ ಬೇರೆ ಕಟ್ಟಬೇಕಾಗಿಲ್ಲ. ಅದೇ ದರಪಟ್ಟಿಯಲ್ಲಿ ವರ್ಷಕ್ಕೆ 114.50 ಪೌಂಡ್, ಕಂತಿನಲ್ಲೂ ಕಟ್ಟಬಹುದು. ತಿಂಗಳಿಗೆ ಎರಡು ಬಗೆ ಮಾತ್ರೆ ಕೊಳ್ಳುವವರಿಗೆ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ. ಪ್ಯಾರಸಿಟಮಾಲ್‌ಗೆ ಮಾತ್ರ ಚೀಟಿ ಬರೆಸಬೇಡಿ, ಸೂಪರ್‌ಮಾರ್ಕೆಟಿನಲ್ಲಿ ಒಂದು ಪೌಂಡಿನ ಒಳಗೆ ಸಿಗುತ್ತದೆ.

ಒಂದು ದಿನ ಆ್ಯಪ್ ನಿಮ್ಮ ಮಾತ್ರೆಯನ್ನು ತೋರಿಸದೆ ಹೋದರೆ ಪರಿಶೀಲನೆಯ ಸಮಯ ಬಂದಿರಬಹುದು. ರಕ್ತ ಪರೀಕ್ಷೆಯೋ ಬಿಪಿ ಅಳೆಯುವುದೋ ಬಾಕಿ ಇರುತ್ತದೆ. ಸರ್ಜರಿಗೆ ಫೋನ್ ಮಾಡಿ, ಮುಂದೂಡಬೇಡಿ. ಶುಗರ್ ರಿಪೋರ್ಟಿನಲ್ಲಿ 7 ಅಂತ ನೋಡಿ ಹೆದರಬೇಡಿ, ಇಲ್ಲಿನ ಅಳತೆ ಬೇರೆ. 18ರಿಂದ ಗುಣಿಸಿದರೆ ನಮ್ಮ ಲೆಕ್ಕ, ಅಂದರೆ 126.

ಇಷ್ಟಾಗಿಯೂ ಶನಿವಾರ ರಾತ್ರಿ ಮಾತ್ರೆ ಖಾಲಿಯಾದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆ ಮಾಡಿ ಅಥವಾ ಅವರ ವೆಬ್‌ಸೈಟ್ ನೋಡಿ. ತೆರೆದಿರುವ ಫಾರ್ಮಸಿಗೆ ಕಳಿಸುತ್ತಾರೆ. ನೀವು ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಮಾತ್ರೆಯಾದರೆ ಫಾರ್ಮಸಿಸ್ಟ್ ಕೆಲ ದಿನಕ್ಕಾಗುವಷ್ಟು ಕೊಡಬಲ್ಲರು. ಹೋಗುವಾಗ ಹಳೆಯ ಡಬ್ಬಿ ಕೈಯಲ್ಲಿರಲಿ.