ಅಜ್ಜನ ಹೆಸರಲ್ಲೇ ಉಳಿದಿದ್ದ ಪಹಣಿ ನಮ್ಮ ಹೆಸರಿಗೆ ಬಂದದ್ದು

ಕೊಡಗಿನಲ್ಲಿ ಜಮೀನೆಂದರೆ ಎಲ್ಲರಿಗೂ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಮ್ಮಾ ಬಾಣೆಯೇ ನೆನಪಿಗೆ ಬರುತ್ತದೆ. ಅಲ್ಲಿ ಪಟ್ಟೆದಾರರ (ಕುಟುಂಬದ ಪರವಾಗಿ ದಾಖಲಾದ ಹಿರಿಯರ) ಹೆಸರು, ಒಕ್ಕದ (ಇಡೀ ಮನೆತನದ) ಹಕ್ಕು ಎಂಬ ಬೇರೆಯೇ ಗಂಟುಗಳಿವೆ. ನಮ್ಮದು ಸುಂಟಿಕೊಪ್ಪದ ಹತ್ತಿರ ಅಜ್ಜ ಕ್ರಯಕ್ಕೆ ಪಡೆದ ಎರಡು ಎಕರೆ ಸಾಗು ಜಮೀನು, ಕಾಫಿ ತೋಟ. ಅಜ್ಜನೂ ಹೋದರು, ಅಪ್ಪನೂ ಹೋದರು. ಪಹಣಿಯಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ಮಾತ್ರ ಅಜ್ಜನ ಹೆಸರೇ. ಬ್ಯಾಂಕಿನವರು ಬೆಳೆಸಾಲ ಕೊಡಲಿಲ್ಲ.

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಹಾಕಿದೆ. ತಿರಸ್ಕಾರವಾಯಿತು. ಕಾರಣ ನೋಡಿ ನನಗೇ ಬೇಸರವಾಯಿತು: ವಂಶವೃಕ್ಷದಲ್ಲಿ ಇಬ್ಬರು ಸೋದರತ್ತೆಯರ ಹೆಸರೇ ಇರಲಿಲ್ಲ. ಮದುವೆಯಾಗಿ ಹೋದವರು ಎಂದು ಬಿಟ್ಟಿದ್ದೆವು. ಅಜ್ಜನ ಸ್ವಯಾರ್ಜಿತಕ್ಕೆ ಹೆಣ್ಣುಮಕ್ಕಳೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ವಾರಸುದಾರರು. ಇದು ಬರೀ ಕಾಗದದ ತಪ್ಪಲ್ಲ, ಅವರಿಗೆ ಮಾಡಿದ ಅನ್ಯಾಯ.

ದೊಡ್ಡತ್ತೆಯ ಮನೆಗೆ ಹೋದೆ. ಅವರು ಟ್ರಂಕಿನಿಂದ ತೆಗೆದ ಪ್ಲಾಸ್ಟಿಕ್ ಕವರಿನಲ್ಲಿ ಅಜ್ಜನ ಕ್ರಯಪತ್ರ, ಮಡಿಕೆಯಲ್ಲಿ ಹರಿದ ಕಂದಾಯ ರಸೀದಿಗಳು. "ನೀನಾಗಿ ಕೇಳಲು ಬಂದೆಯಲ್ಲ ಮಗ, ಅಷ್ಟು ಸಾಕು" ಎಂದರು.

ಅಜ್ಜನ ಮರಣವೇ ನೋಂದಣಿಯಾಗಿರಲಿಲ್ಲ. ವರ್ಷ ದಾಟಿದ್ದರಿಂದ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಯಿತು. ಹೆಚ್ಚು ಕಾಲ ತಿಂದದ್ದು ಅದೇ. ಆಮೇಲೆ ಪೂರ್ತಿ ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಹೊಸ ಅರ್ಜಿ. ತಕರಾರಿನ ಅವಧಿ ಮುಗಿದು ಮ್ಯುಟೇಶನ್ (ದಾಖಲೆಯಲ್ಲಿ ಹೆಸರಿನ ಬದಲಾವಣೆ) ಆಯಿತು. ಈಗ ಪಹಣಿಯಲ್ಲಿ ಜಂಟಿಯಾಗಿ ಎಲ್ಲರ ಹೆಸರಿದೆ, ಅತ್ತೆಯರದ್ದೂ. ಭಾಗ ಮಾಡುವುದಾದರೆ ಮುಂದೆ ಜಮೀನು ಅಳೆದು ಭಾಗಗಳನ್ನು ತೋರಿಸುವ 11ಇ ನಕ್ಷೆ ಮಾಡಿಸಬೇಕು. ಈ ಸಲದ ಕಾಫಿ ಕುಯ್ಲು ಮುಗಿಯಲಿ ಎಂದಿದ್ದಾರೆ ಚಿಕ್ಕತ್ತೆ.