ಆಡುವವರ ದೂರುಗಳೇ ತಿದ್ದಿದ ನನ್ನ ಪದಬಂಧ

ಪ್ರತಿ ಸುಳಿವಿನ ಪಕ್ಕದಲ್ಲೂ ‘ದೂರು’ ಎಂಬ ಗುಂಡಿ ಇಟ್ಟರೆ ಆಡುವವರಿಗಿಂತ ಜಗಳಕ್ಕೆ ಬರುವವರೇ ಹೆಚ್ಚಾಗುತ್ತಾರೆ ಎಂದು ಪದಬಂಧ ರಚಿಸುವ ಗೆಳೆಯರು ಎಚ್ಚರಿಸಿದ್ದರು. ದಿನಕ್ಕೆ ಸುಮಾರು 900 ಜನ ಆಡುವ ನನ್ನ ಆನ್‌ಲೈನ್ ಪದಬಂಧ ಇಂದು ಆ ಗುಂಡಿಯ ಬಲದಿಂದಲೇ ನಿಂತಿದೆ.

ಮೊದಲ ವರ್ಷ ನಕ್ಷತ್ರಗಳ ಅಂಕ ಇಟ್ಟಿದ್ದೆ. ಅದನ್ನು ಮಾಡಿಸಲು 22,000 ರೂಪಾಯಿಯಷ್ಟು ಹೋಯಿತು. ಆಟ ಮುಗಿಸಿದವರು ನಾಲ್ಕೋ ಐದೋ ನಕ್ಷತ್ರ ಕೊಟ್ಟರು. ಅರ್ಧಕ್ಕೇ ಬಿಟ್ಟವರು, ಎಂದರೆ ಹತ್ತರಲ್ಲಿ ಆರು ಮಂದಿ, ಏನೂ ಹೇಳದೆ ಹೋದರು. ನನಗೆ ಬೇಕಾಗಿದ್ದುದು ಅವರ ಮಾತು.

ಗುಂಡಿ ಇಟ್ಟ ಮೊದಲ ವಾರ ನೂರಮೂವತ್ತರಷ್ಟು ದೂರು ಬಂದವು, ಅರ್ಧದಷ್ಟು ಒತ್ತಕ್ಷರದ ಬಗ್ಗೆಯೇ. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಒಂದೇ ಚೌಕ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನಲ್ಲಿ ಅದು ಆರು ಸಂಕೇತಗಳು. ಪ್ರತಿ ಕೀಲಿ ಒತ್ತಿದಾಗಲೂ ನನ್ನ ಪ್ರೋಗ್ರಾಂ ಉತ್ತರವನ್ನು ತಾಳೆ ನೋಡುತ್ತಿದ್ದುದರಿಂದ, ಅಕ್ಷರ ಪೂರ್ತಿಯಾಗುವ ಮೊದಲೇ ಚೌಕ ಕೆಂಪಾಗಿ, ಸರಿಯಾದ ಉತ್ತರವನ್ನೇ ಜನ ಅಳಿಸುತ್ತಿದ್ದರು. ಮುಂದಿನ ಚೌಕಕ್ಕೆ ಹೋದ ಮೇಲಷ್ಟೇ ತಾಳೆ ನೋಡುವಂತೆ ಬದಲಿಸಿದೆ. ಅರ್ಕಾವತ್ತಿನ ‘ಸೂರ್ಯ’ ಮತ್ತು ರಕಾರಕ್ಕೆ ಯ ಒತ್ತು ಕೊಟ್ಟ ‘ಸೂರ‍್ಯ’ ಎರಡನ್ನೂ ಒಪ್ಪುವಂತೆ ಮಾಡಲು ಇನ್ನೆರಡು ತಿಂಗಳು ಹಿಡಿಯಿತು. ಈಗ ಹತ್ತರಲ್ಲಿ ಏಳು ಮಂದಿ ಕೊನೆಯ ಚೌಕ ತುಂಬುತ್ತಾರೆ.

ನನಗೆ ಹೆಚ್ಚು ಕಲಿಸಿದ್ದು ‘ಪುಂಡಿ’. ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆ ಎಂದು ಮಂಗಳೂರಿನ ರೂಢಿಯಂತೆ ಸುಳಿವು ಕೊಟ್ಟಿದ್ದೆ. ಪುಂಡಿ ಎಂದರೆ ಹುಳಿ ಸೊಪ್ಪು, ಅದರ ಪಲ್ಯ ಜೋಳದ ರೊಟ್ಟಿಗೆ ಜೊತೆ ಎಂದು ಕಲಬುರಗಿಯ ಕಡೆಯ ಹಿರಿಯರೊಬ್ಬರು ಬರೆದರು. ಒಂದು ಪದಕ್ಕೆ ಎರಡು ಸೀಮೆಯ ಎರಡು ಸುಳಿವು ಕೊಡುವ ಪದ್ಧತಿ ಅಂದಿನಿಂದ ಬಂತು. ನನಗೆ ತಿಳಿದಂತೆ ಇದನ್ನು ಬೇರೆ ಯಾರೂ ಮಾಡಿಲ್ಲ. ಯಾವ ದೂರಿಗೆ ಎಷ್ಟು ತೂಕ, ಸುಳಿವನ್ನು ಯಾವಾಗ ಬದಲಿಸಬೇಕು ಎಂಬ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚಿಡಲಾರೆ. ಅದು ನನ್ನ ಮೂರು ವರ್ಷಗಳ ದುಡಿಮೆ.

ನಡುವೆ, ಕಣ್ಣು ಮಂಜಾದ ಹಿರಿಯರಿಗೆಂದು ಸುಳಿವುಗಳನ್ನು ಓದಿಸಿ, ಧ್ವನಿಮುದ್ರಿಸಿ ಹಾಕಿದೆ. ಒಂಬತ್ತು ಸಾವಿರ ಖರ್ಚಾಯಿತು, ಬಳಸಿದವರು ನಲವತ್ತು ಮಂದಿಯೂ ಇಲ್ಲ. ತೆಗೆದುಹಾಕಿದ ಮರುದಿನವೇ ಹೊರದೇಶದಲ್ಲಿರುವ ತಾಯಿಯೊಬ್ಬರ ದೂರು ಬಂತು: ಕನ್ನಡ ಓದಲು ಬಾರದ ಮಗಳು ಸುಳಿವು ಕೇಳಿ ಉತ್ತರ ಹೇಳುತ್ತಿದ್ದಳು, ತಾವು ಚೌಕ ತುಂಬುತ್ತಿದ್ದರಂತೆ. ಅಂದೇ ಸಂಜೆ ಧ್ವನಿಯನ್ನು ಮತ್ತೆ ಜೋಡಿಸಿದೆ.